ಪ್ಲಾಸ್ಮಾ ನೀರು ಮತ್ತು ನಮ್ಮ ಬೆಳೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಮಾ ನೀರು ಅಂದರೆ ಏನು?

ಗಾಳಿಯಲ್ಲಿ ಸಾವಿರಾರು ವೋಲ್ಟಿನ ಕಿಡಿ ಹಾರಿಸಿದರೆ ಆ ಕಿಡಿಯ ದಾರಿಯಲ್ಲಿರುವ ಗಾಳಿ ಒಡೆದು ನೇರಳೆ ಬಣ್ಣಕ್ಕೆ ಹೊಳೆಯುತ್ತದೆ. ಆ ಹೊಳೆಯುವ ಗಾಳಿಯೇ ಪ್ಲಾಸ್ಮಾ. ಗಾಳಿಯಲ್ಲಿ 78% ಸಾರಜನಕ, 21% ಆಮ್ಲಜನಕ ಇದೆ. ಕಿಡಿಯ ಹೊಡೆತಕ್ಕೆ ಇವೆರಡೂ ಒಡೆದು ಸಾರಜನಕದ ಆಕ್ಸೈಡುಗಳಾಗುತ್ತವೆ, ಜೊತೆಗೆ ಓಝೋನ್ ಕೂಡ ಹುಟ್ಟುತ್ತದೆ. ಈ ಗಾಳಿಯನ್ನು ನೀರಿನೊಳಗೆ ಗುಳ್ಳೆಗಳಾಗಿ ಬಿಟ್ಟರೆ ನೈಟ್ರೇಟ್, ನೈಟ್ರೈಟ್ ಮತ್ತು ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ನೀರಿನಲ್ಲಿ ಉಳಿಯುತ್ತವೆ, ನೀರು ಹುಳಿಯಾಗುತ್ತದೆ. ಅಷ್ಟೇ. ನೀರಿಗೆ "ಶಕ್ತಿ" ತುಂಬುವುದು, ನೀರಿನ "ರಚನೆ" ಬದಲಾಗುವುದು ಎಂಬ ಮಾತುಗಳಿಗೂ ಇದಕ್ಕೂ ಸಂಬಂಧವಿಲ್ಲ. ಕೆಲಸ ಮಾಡುವುದು ಕರಗಿದ ಈ ಮೂರು ವಸ್ತುಗಳು, ಮೂರನ್ನೂ ಅಳೆಯಬಹುದು.

ಗುಡುಗು ಮಿಂಚಿನ ಮಳೆ ಬಿದ್ದರೆ ಬೆಳೆ ಹಸಿರೇರುತ್ತದೆ ಅನ್ನುತ್ತಾರೆ. ಇದೂ ಅದೇನಾ?

ರಸಾಯನ ಅದೇ. ಮಿಂಚು ಗಾಳಿಯ ಸಾರಜನಕವನ್ನು ಸುಟ್ಟು ನೈಟ್ರೇಟ್ ಮಾಡಿ ಮಳೆಯೊಂದಿಗೆ ಇಳಿಸುತ್ತದೆ. ಇದನ್ನೇ ಕಾರ್ಖಾನೆಯಲ್ಲಿ ಮಾಡಿ ತೋರಿಸಿದವರು ನಾರ್ವೆಯ ಬರ್ಕೆಲಂಡ್ ಮತ್ತು ಐಡೆ. 1905ರಲ್ಲಿ ನೋಟೊಡ್ಡೆನ್ ಎಂಬ ಊರಲ್ಲಿ ಜಲವಿದ್ಯುತ್ತಿನಿಂದ ಕಿಡಿ ಹಾರಿಸಿ ಗೊಬ್ಬರ ತಯಾರಿಸಿದರು. ಆದರೆ 1913ರಲ್ಲಿ ಜರ್ಮನಿಯಲ್ಲಿ ಹೇಬರ್–ಬಾಷ್ ಪದ್ಧತಿಯ ಕಾರ್ಖಾನೆ ಶುರುವಾಯಿತು. ಅದಕ್ಕೆ ಬೇಕಾದ ಶಕ್ತಿ ತೀರ ಕಡಿಮೆ, ಹಾಗಾಗಿ ಕಿಡಿ ಗೊಬ್ಬರ ಮೂಲೆಗೆ ಸರಿಯಿತು. ನೂರು ವರ್ಷದ ಹಿಂದಿನ ಆ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ಮುಂದಿನ ಉತ್ತರ ಓದಿ.

ಹಾಗಾದರೆ ಯೂರಿಯಾ ಬಿಟ್ಟು ಪ್ಲಾಸ್ಮಾ ನೀರನ್ನೇ ಹಾಯಿಸಬಹುದೇ?

ಆಗದು. ಲೆಕ್ಕ ಹಾಕಿ ನೋಡಿ. ಕಬ್ಬಿಗೆ ಹೆಕ್ಟೇರಿಗೆ 250 ಕೆ.ಜಿ. ಸಾರಜನಕ ಶಿಫಾರಸು ಇದೆ, ಅಂದರೆ ಎಕರೆಗೆ ಸುಮಾರು 100 ಕೆ.ಜಿ. ಒಂದು ಚೀಲ ಯೂರಿಯಾ 45 ಕೆ.ಜಿ., ಅದರಲ್ಲಿ ಸಾರಜನಕ 46%, ಅಂದರೆ 20.7 ಕೆ.ಜಿ. ಐದು ಚೀಲಕ್ಕೆ ಎಕರೆಯ ಲೆಕ್ಕ ಮುಗಿಯಿತು. ಚೀಲಕ್ಕೆ 266.50 ರೂ.ನಂತೆ ಒಟ್ಟು 1,332 ರೂ. ಚಿಲ್ಲರೆ.

ಇನ್ನು ಕಿಡಿಯ ಲೆಕ್ಕ. ಪ್ರಯೋಗಾಲಯದ ಒಳ್ಳೆಯ ಯಂತ್ರವೂ ಒಂದು ಯೂನಿಟ್ ಕರೆಂಟಿಗೆ ಸುಮಾರು 20 ಗ್ರಾಂ ಸಾರಜನಕ ಮಾತ್ರ ಹಿಡಿಯುತ್ತದೆ. ಮಾರುಕಟ್ಟೆಯ ಸಣ್ಣ ಯಂತ್ರಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಆ ಉತ್ತಮ ಯಂತ್ರವನ್ನೇ ಹಿಡಿದರೂ 100 ಕೆ.ಜಿ.ಗೆ 5,000 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂ. ಹಿಡಿದರೆ 30,000 ರೂ. "ಗೊಬ್ಬರದ ಖರ್ಚು ಪೂರ್ತಿ ಉಳಿಯುತ್ತದೆ" ಎಂದು ಯಾರಾದರೂ ಹೇಳಿದರೆ ಈ ಎರಡು ಲೆಕ್ಕವನ್ನು ಅವರ ಮುಂದಿಡಿ.

ಹಾಗಿದ್ದರೆ ಇದರ ಉಪಯೋಗ ಎಲ್ಲಿ?

ನೀರು ಕಡಿಮೆ ಬೇಕಾಗುವ, ಆದರೆ ಬೆಳೆಯ ಮೊದಲ ಹೆಜ್ಜೆ ನಿರ್ಧಾರವಾಗುವ ಜಾಗದಲ್ಲಿ: ಬೀಜ ನೆನೆಸುವುದು, ಸಸಿ ಮಡಿ, ಪ್ರೊ-ಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ), ಪಾಲಿಹೌಸ್. ಕಡಿಮೆ ಪ್ರಮಾಣದ ನೈಟ್ರೇಟ್ ಮತ್ತು ಪೆರಾಕ್ಸೈಡ್ ಬೀಜದ ಸುಪ್ತಾವಸ್ಥೆ ಮುರಿಯಲು ನೆರವಾಗುತ್ತವೆ. ಬೀಜದ ಸಿಪ್ಪೆಗೆ ಅಂಟಿದ ಬೂಜು, ಬ್ಯಾಕ್ಟೀರಿಯಾಗಳನ್ನು ಹುಳಿ ನೀರು ತಗ್ಗಿಸುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಟೊಮೆಟೊದಂಥ ದುಬಾರಿ ಬೀಜದಲ್ಲಿ ನೂರಕ್ಕೆ ಐದು ಸಸಿ ಹೆಚ್ಚು ಎದ್ದರೂ ಅದು ಲಾಭವೇ. ಎಕರೆಗಟ್ಟಲೆ ಹೊಲಕ್ಕೆ ಹಾಯಿಸುವುದು ಕರೆಂಟಿನ ದಂಡ.

ನಮ್ಮ ಬೋರಿನ ನೀರಿನಲ್ಲಿ ಮಾಡಬಹುದೇ?

ಯಂತ್ರ ಕೊಂಡವರು ಹೆಚ್ಚು ಸೋಲುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಬಾಗಲಕೋಟೆ, ಲೋಕಾಪುರ, ಕಲಾದಗಿ ಸುತ್ತ ಭೂಮಿಯ ಕೆಳಗೆ ಸುಣ್ಣಕಲ್ಲು. ವಿಜಯಪುರದ ಕಡೆ ಕರಿಕಲ್ಲು, ಮೇಲೆ ಎರೆ ಮಣ್ಣು, ಹಲವೆಡೆ ಸವಳು ನೀರು. ಎರಡೂ ಕಡೆ ಬೋರಿನ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದು, ಡ್ರಿಪ್ಪರ್ ಬಾಯಿ ಮುಚ್ಚುವುದು ಇದರಿಂದಲೇ. ಪ್ಲಾಸ್ಮಾ ತಯಾರಿಸಿದ ಆಮ್ಲವನ್ನು ಈ ಬೈಕಾರ್ಬೊನೇಟ್ ಮೊದಲು ನುಂಗಿಬಿಡುತ್ತದೆ.

ಪ್ರಮಾಣ ಹೀಗಿದೆ. ಲೀಟರಿಗೆ 62 ಮಿ.ಗ್ರಾಂ ನೈಟ್ರೇಟ್ ಆಗುವಷ್ಟು ಆಮ್ಲ 50 ಮಿ.ಗ್ರಾಂ ಕ್ಷಾರತೆಯನ್ನು (ಬೈಕಾರ್ಬೊನೇಟಿನ ಆಮ್ಲ ನುಂಗುವ ಬಲ, ಸುಣ್ಣದ ಲೆಕ್ಕದಲ್ಲಿ) ತಿನ್ನುತ್ತದೆ. ನಿಮ್ಮ ನೀರಿನ ಕ್ಷಾರತೆ ಲೀಟರಿಗೆ 400 ಮಿ.ಗ್ರಾಂ ಇದ್ದರೆ ಅದನ್ನು ಮುಗಿಸಲು ಲೀಟರಿಗೆ ಸುಮಾರು 500 ಮಿ.ಗ್ರಾಂ ನೈಟ್ರೇಟಿನಷ್ಟು ಆಮ್ಲ ಬೇಕು. ಸಣ್ಣ ಯಂತ್ರ 100 ಕೊಟ್ಟರೆ ಹೆಚ್ಚು. ಆದ್ದರಿಂದ ಗಂಟೆಗಟ್ಟಲೆ ಓಡಿಸಿದರೂ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) 8ರಿಂದ 7.5ಕ್ಕೆ ಇಳಿದು ನಿಲ್ಲುತ್ತದೆ. ಬೂಜು ಕೊಲ್ಲುವ ಹುಳಿ ಬರುವುದೇ ಇಲ್ಲ, ನೈಟ್ರೈಟ್ ಹಾಗೇ ಉಳಿಯುತ್ತದೆ, ನೀರಿನ ಉಪ್ಪಿನಂಶ ಮಾತ್ರ ಏರುತ್ತದೆ.

ದಾರಿ ಎರಡು. ಮಳೆ ನೀರು ಹಿಡಿದಿಟ್ಟಿದ್ದರೆ ಅದು ಎಲ್ಲಕ್ಕಿಂತ ಉತ್ತಮ. ಇಲ್ಲವಾದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನು ತನ್ನಿ. ಬೀಜ ನೆನೆಸಲು ಅಷ್ಟು ಸಾಕು.

ಶುದ್ಧ ನೀರಿನಲ್ಲಿ ಮಾಡಿದಾಗ ಪಿಎಚ್ 3ಕ್ಕೆ ಇಳಿಯಿತು. ಹೆಚ್ಚಾಯಿತೇ?

ಸಸಿಗೆ ಹೆಚ್ಚಾಯಿತು. ಇಲ್ಲಿ ಬೋರಿನ ನೀರೇ ಮದ್ದು. ಲೀಟರಿಗೆ 100 ಮಿ.ಗ್ರಾಂ ನೈಟ್ರೇಟ್ ಇರುವ 10 ಲೀಟರ್ ಹುಳಿ ನೀರಿಗೆ 400 ಕ್ಷಾರತೆಯ ಸುಮಾರು 2 ಲೀಟರ್ ಬೋರ್ ನೀರು ಬೆರೆಸಿದರೆ ಆಮ್ಲ ಮುಗಿಯುತ್ತದೆ, ಇನ್ನರ್ಧ ಲೀಟರಿಗೆ ಪಿಎಚ್ 6ರ ಆಸುಪಾಸಿಗೆ ಬರುತ್ತದೆ. ಒಂದೇ ಸಲ ಸುರಿಯಬೇಡಿ. ಅರ್ಧರ್ಧ ಲೀಟರ್ ಹಾಕಿ, ಕಲಕಿ, ಸಣ್ಣ ಗುಳ್ಳೆಗಳು ಏಳುವುದು ನಿಂತ ಮೇಲೆ ಅಳೆಯಿರಿ.

ಯಂತ್ರದಲ್ಲಿ ಏನೇನು ಇರುತ್ತದೆ? ಕೊಳ್ಳುವಾಗ ಏನು ನೋಡಬೇಕು?

ಹೆಚ್ಚು ವೋಲ್ಟೇಜಿನ ಸಪ್ಲೈ, ಎರಡು ಎಲೆಕ್ಟ್ರೋಡು, ಅವುಗಳ ಸುತ್ತ ಗಾಜಿನ ಅಥವಾ ಸೆರಾಮಿಕ್ ಕೊಳವೆ, ಗಾಳಿ ಪಂಪು, ಗಾಳಿ ಒಣಗಿಸುವ ಸಿಲಿಕಾ ಜೆಲ್ ಡಬ್ಬಿ, ನೀರಿನ ಟ್ಯಾಂಕು ಮತ್ತು ಗುಳ್ಳೆ ಬಿಡುವ ಕಲ್ಲು. ಯಂತ್ರದಲ್ಲಿ ಎರಡು ಬಗೆ. ಬಾಗಿದ ಎರಡು ತಗಡುಗಳ ನಡುವೆ ಕಿಡಿ ಜಾರುತ್ತಾ ಹೋಗುವ "ಗ್ಲೈಡಿಂಗ್ ಆರ್ಕ್" ಬಗೆ ನೈಟ್ರೇಟ್ ಹೆಚ್ಚು ಕೊಡುತ್ತದೆ. ನಡುವೆ ಗಾಜಿನ ಪದರ ಇರುವ ತಂಪು ಬಗೆಯಲ್ಲಿ ಓಝೋನ್ ಹೆಚ್ಚು. ಸಸಿಯ ಕೆಲಸಕ್ಕೆ ಮೊದಲನೆಯದು ಮೇಲು.

ಕೊಳ್ಳುವಾಗ ಲೋಹ ಮತ್ತು ಪೈಪು ಮುಟ್ಟಿ ನೋಡಿ. ತಾಮ್ರದ ಎಲೆಕ್ಟ್ರೋಡು, ಹಿತ್ತಾಳೆ ನಿಪ್ಪಲ್, ಜಿಐ ಪೈಪು ಇದ್ದರೆ ಬಿಟ್ಟುಬಿಡಿ. ಹುಳಿ ನೀರು ತಾಮ್ರ, ಸತುವನ್ನು ಕರಗಿಸಿಕೊಳ್ಳುತ್ತದೆ, ಎಳೆ ಬೇರಿಗೆ ಅದು ವಿಷ. ನೀರಿಗೆ ತಾಗುವುದೆಲ್ಲ 316 ದರ್ಜೆಯ ಸ್ಟೀಲು, ಗಾಜು ಅಥವಾ ಎಚ್‌ಡಿಪಿಇ ಆಗಿರಲಿ. ಸಾಮಾನ್ಯ ರಬ್ಬರ್ ಪೈಪನ್ನು ಓಝೋನ್ ಕೆಲವೇ ವಾರಗಳಲ್ಲಿ ಬಿರುಕು ಬಿಡಿಸುತ್ತದೆ, ಸಿಲಿಕೋನ್ ಅಥವಾ ಟೆಫ್ಲಾನ್ ಪೈಪು ಕೇಳಿ.

ಮಾರುವವರಿಗೆ ಮೂರೇ ಪ್ರಶ್ನೆ ಹಾಕಿ: ಒಂದು ಯೂನಿಟ್ ಕರೆಂಟಿಗೆ ಎಷ್ಟು ಗ್ರಾಂ ನೈಟ್ರೇಟ್? ಯಾವ ನೀರಿನಲ್ಲಿ ಅಳೆದದ್ದು? ನಮ್ಮ ಬೋರಿನ ನೀರಿನಲ್ಲಿ ನಮ್ಮೆದುರಿಗೆ ಅಳೆದು ತೋರಿಸುತ್ತೀರಾ?

ಹಳೆಯ ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್‌ನಿಂದ ಮನೆಯಲ್ಲೇ ಮಾಡುವ ವಿಡಿಯೊ ಇದೆ. ಮಾಡಬಹುದೇ?

ದಯವಿಟ್ಟು ಬೇಡ. ಆ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟನ್ನು ಆಳು ಸಾಯುವಷ್ಟು ಕರೆಂಟಿನೊಂದಿಗೆ ಕೊಡುತ್ತದೆ, ಕೈ ತಾಗಿದರೆ ಎರಡನೇ ಅವಕಾಶ ಇರುವುದಿಲ್ಲ. ಮನೆಯ ಬೋರ್ಡಿನಲ್ಲಿ ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಇದೆ ಎಂಬ ಧೈರ್ಯವೂ ಇಲ್ಲಿ ಹುಸಿ. ಅದು ಟ್ರಾನ್ಸ್‌ಫಾರ್ಮರ್‌ನ ಈಚೆ ಬದಿಯ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ, ಆಚೆ ಬದಿಯಲ್ಲಿ ಮನುಷ್ಯನಿಗೆ ಹೊಡೆದರೆ ಟ್ರಿಪ್ ಆಗುವುದಿಲ್ಲ. ಅದರ ಜೊತೆಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು. ತೋಯ್ದ ಕೈ, ತೋಯ್ದ ನೆಲ, ಸುತ್ತ ಓಡಾಡುವ ಮಕ್ಕಳು ಇರುವ ಹೊಲದ ಮನೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಕೊಂಡ ಯಂತ್ರಕ್ಕೂ ಮುಚ್ಚಳ ತೆಗೆದೊಡನೆ ಕರೆಂಟು ಕಡಿಯುವ ಸ್ವಿಚ್ ಇರಬೇಕು, ಸರಿಯಾದ ಅರ್ಥಿಂಗ್ ಗುಂಡಿಗೆ ತಂತಿ ಹೋಗಿರಬೇಕು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ, ಒಣಗಿದ ಎರೆ ಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಸಡಿಲವಾಗುತ್ತದೆ.

ಯಂತ್ರದಿಂದ ಘಾಟು ವಾಸನೆ ಬರುತ್ತದೆ. ಅಪಾಯವೇ?

ಹೌದು. ಜೆರಾಕ್ಸ್ ಯಂತ್ರದ ಹತ್ತಿರ ಬರುವಂಥ ಚುರುಕು ವಾಸನೆ ಓಝೋನಿನದು. ಮೂಗಿಗೆ ಉರಿಯಾಗಿ, ಕೊಳವೆಯಲ್ಲಿ ಕಂದು ಛಾಯೆ ಕಂಡರೆ ಅದು ನೈಟ್ರೋಜನ್ ಡೈಆಕ್ಸೈಡ್. ಇದರ ಕೆಟ್ಟ ಗುಣವೆಂದರೆ ಉಸಿರಾಡಿದ ಕೂಡಲೇ ಏನೂ ಅನ್ನಿಸದೆ, ಹಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಯಂತ್ರವನ್ನು ಮಲಗುವ ಕೋಣೆ, ದನದ ಕೊಟ್ಟಿಗೆ, ಮುಚ್ಚಿದ ಪಂಪ್‌ಹೌಸ್‌ನಲ್ಲಿ ಇಡಬೇಡಿ. ನಾಲ್ಕೂ ಕಡೆ ಗಾಳಿಯಾಡುವ ಪಡಸಾಲೆ ಅಥವಾ ತಗಡಿನ ಚಪ್ಪರ ಸಾಕು. ಟ್ಯಾಂಕಿನಿಂದ ಹೊರಬರುವ ಗಾಳಿಯನ್ನು ಇನ್ನೊಂದು ಡಬ್ಬಿಯ ಬೋರ್ ನೀರಿನೊಳಗೆ ಹಾಯಿಸಿ ಹೊರಗೆ ಬಿಡಿ. ಕ್ಷಾರದ ನೀರು ಉಳಿದ ಅನಿಲದ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಯಾರಿಗಾದರೂ ಕೆಮ್ಮು, ಎದೆ ಬಿಗಿತ ಶುರುವಾದರೆ "ಸಂಜೆಗೆ ನೋಡೋಣ" ಎನ್ನದೆ ಆಸ್ಪತ್ರೆಗೆ ಕರೆದೊಯ್ದು ಏನು ಉಸಿರಾಡಿದರೆಂದು ಹೇಳಿ.

10 ಲೀಟರ್ ತಯಾರಿಸುವ ಕ್ರಮ ಹೇಳಿ.

ಟ್ಯಾಂಕು ತೊಳೆದು 10 ಲೀಟರ್ ಶುದ್ಧ ನೀರು ತುಂಬಿ. ಪಿಎಚ್, ಇಸಿ (ನೀರಿನ ಉಪ್ಪಿನಂಶ ತೋರಿಸುವ ಅಳತೆ) ಅಳೆದು ಬರೆದಿಡಿ. ಮೊದಲು ಗಾಳಿ ಪಂಪು, ಒಂದು ನಿಮಿಷದ ನಂತರ ಕಿಡಿ. ಈ ಕ್ರಮ ತಪ್ಪಿದರೆ ನೀರು ಕೊಳವೆಯೊಳಗೆ ಹಿಂದಕ್ಕೆ ಏರಿ ಬಿಸಿ ಗಾಜು ಸೀಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಿಡಿ ನಿಲ್ಲಿಸಿ, ನೀರು ಕಲಕಿ, ನೈಟ್ರೇಟ್ ಪಟ್ಟಿ ಅದ್ದಿ ನೋಡಿ. ಲೀಟರಿಗೆ 100 ಮಿ.ಗ್ರಾಂ ತಲುಪಿದಾಗ ನಿಲ್ಲಿಸಿ. ಯಂತ್ರದ ಮೇಲೆ ಬರೆದ ನಿಮಿಷಗಳನ್ನು ನಂಬಬೇಡಿ, ಪಟ್ಟಿಯ ಬಣ್ಣವನ್ನು ನಂಬಿ. ನಿಲ್ಲಿಸುವಾಗ ಮೊದಲು ಕಿಡಿ, ಐದು ನಿಮಿಷದ ನಂತರ ಪಂಪು.

ಕಿಡಿ ನೋಡಲೂ ಕಲಿಯಬೇಕು. ಒಳ್ಳೆಯ ಕಿಡಿ ನೇರಳೆ-ನೀಲಿ, ಒಂದೇ ಕಡೆ ನಿಲ್ಲದೆ ಮೇಲಕ್ಕೆ ಜಾರುತ್ತಿರುತ್ತದೆ. ನಡುನಡುವೆ ಹಳದಿ ಮಿಂಚು ಕಂಡರೆ ಟ್ಯಾಂಕಿನ ನೀರು ಎಲೆಕ್ಟ್ರೋಡಿಗೆ ಸಿಡಿಯುತ್ತಿದೆ ಎಂದರ್ಥ. ಆ ಹಳದಿ ನೀರಿನಲ್ಲಿರುವ ಸೋಡಿಯಂನದು. ಕಿಡಿಯನ್ನು ಬರಿಗಣ್ಣಿನಿಂದ ದಿಟ್ಟಿಸಬೇಡಿ, ವೆಲ್ಡಿಂಗ್ ಬೆಳಕಿನಂತೆ ಅದರಲ್ಲೂ ನೇರಳಾತೀತ ಕಿರಣ ಇರುತ್ತದೆ.

ಅಳೆಯಲು ಏನೇನು ಬೇಕು?

ಪಿಎಚ್ ಮೀಟರ್, ಇಸಿ ಮೀಟರ್, ನೈಟ್ರೇಟ್-ನೈಟ್ರೈಟ್ ಪಟ್ಟಿ, ಪೆರಾಕ್ಸೈಡ್ ಪಟ್ಟಿ. ನೈಟ್ರೇಟ್ ಅಂಕಿಯನ್ನು 0.226ರಿಂದ ಗುಣಿಸಿದರೆ ಅದರಲ್ಲಿರುವ ಸಾರಜನಕ ಸಿಗುತ್ತದೆ. ಅಂದರೆ 100 ಮಿ.ಗ್ರಾಂ ನೈಟ್ರೇಟ್ ಇರುವ 10 ಲೀಟರಿನಲ್ಲಿ ಸಾರಜನಕ ಕೇವಲ 0.23 ಗ್ರಾಂ, ಒಂದು ಚಿಟಿಕೆ ಯೂರಿಯಾ.

ಯಾವ ಬೀಜ, ಎಷ್ಟು ಹೊತ್ತು?

ಶುರುವಿಗೆ ಈ ಅಳತೆ ಇಟ್ಟುಕೊಳ್ಳಿ: ನೈಟ್ರೇಟ್ ಲೀಟರಿಗೆ 50ರಿಂದ 100 ಮಿ.ಗ್ರಾಂ, ಪೆರಾಕ್ಸೈಡ್ 10ರ ಒಳಗೆ, ಪಿಎಚ್ 4ಕ್ಕಿಂತ ಕೆಳಗೆ ಬೇಡ. ಮೆಣಸಿನಕಾಯಿ, ಬದನೆ, ಟೊಮೆಟೊ, ಉಳ್ಳಾಗಡ್ಡಿ ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬೀಜದ ಐದು ಪಟ್ಟು ನೀರಿನಲ್ಲಿ 6 ಗಂಟೆ. ಹಿಂಗಾರಿ ಜೋಳ 8 ಗಂಟೆ. ತೆಗೆದು ಒಮ್ಮೆ ಸಾದಾ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ಹರಡಿ ಒಣಗಿಸಿ. ಒಣಗಿತೇ ಎಂದು ಕೈಯಿಂದ ಊಹಿಸುವುದಕ್ಕಿಂತ ತೂಕ ಮಾಡಿ, ನೆನೆಸುವ ಮೊದಲಿನ ತೂಕಕ್ಕೆ ಬಂದರೆ ಸರಿ. ಅದೇ ವಾರ ಬಿತ್ತಿ.

ಸೋಯಾ ಬೀಜವನ್ನು ಯಾವ ನೀರಿನಲ್ಲೂ ನೆನೆಸಬೇಡಿ. ಅದರ ಸಿಪ್ಪೆ ಮೆತ್ತಗೆ, ಒಮ್ಮೆಲೇ ನೀರು ಕುಡಿದು ಬೇಳೆ ಸೀಳುತ್ತದೆ. ಔಷಧ ಲೇಪಿಸಿ ಬಂದ ಬಣ್ಣದ ಬೀಜಕ್ಕೂ ಇದು ಬೇಡ, ಕೊಟ್ಟ ದುಡ್ಡಿನ ಲೇಪನ ನೀರುಪಾಲಾಗುತ್ತದೆ. ಜೋಳಕ್ಕೆ 2% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸುವ ಪದ್ಧತಿ ಮೊದಲಿನಿಂದಲೂ ಇದೆ. ಅದನ್ನು ಮಾಡುತ್ತಿರುವವರು ಬಿಡಬೇಕಿಲ್ಲ.

ಪ್ರೊ-ಟ್ರೇ ಸಸಿಗೆ ಹೇಗೆ ಕೊಡಬೇಕು?

ಎರಡನೇ ಜೊತೆ ಎಲೆ ಬಂದ ಮೇಲೆ ವಾರಕ್ಕೆ ಎರಡು ಸಲ, ಬೆಳಿಗ್ಗೆ. ಪಿಎಚ್ 5.5ರಿಂದ 6.5, ನೈಟ್ರೈಟ್ ಲೀಟರಿಗೆ 5 ಮಿ.ಗ್ರಾಂ ಒಳಗೆ. ನೈಟ್ರೈಟ್ ಹೆಚ್ಚಾದರೆ ಬೇರಿನ ತುದಿ ಕಂದಾಗಿ ಸಸಿ ಗಿಡ್ಡಾಗಿ ನಿಲ್ಲುತ್ತದೆ. ಟ್ರೇ ಎತ್ತಿ ಒಂದು ಸಸಿ ಹೊರತೆಗೆದು ನೋಡಿ, ಬೇರು ಬೆಳ್ಳಗಿದ್ದರೆ ಮುಂದುವರಿಸಿ. ನೈಟ್ರೈಟ್ ಜಾಸ್ತಿ ಕಂಡರೆ, ಬೋರ್ ನೀರು ಬೆರೆಸುವ ಮೊದಲು, ಹುಳಿ ನೀರನ್ನು ಒಂದು ರಾತ್ರಿ ಹಾಗೇ ಬಿಡಿ. ಹುಳಿಯಲ್ಲಿ ಅದು ಪೆರಾಕ್ಸೈಡಿನೊಂದಿಗೆ ಸೇರಿ ನೈಟ್ರೇಟ್ ಆಗುತ್ತದೆ.

ನಿಜವಾಗಿಯೂ ಕೆಲಸ ಮಾಡಿತೇ ಎಂದು ತಿಳಿಯುವುದು ಹೇಗೆ?

ಇದಕ್ಕೆ ಒಂದು ವಾರ ಕೊಡಿ. ಬಹುತೇಕರು ಸಾದಾ ನೀರು ಮತ್ತು ಪ್ಲಾಸ್ಮಾ ನೀರು, ಎರಡನ್ನೇ ಹೋಲಿಸುತ್ತಾರೆ. ಅದು ಅರ್ಧ ಪರೀಕ್ಷೆ. ಮೂರನೆಯದೊಂದು ಬೇಕು: ಅದೇ ವಸ್ತುಗಳನ್ನು ಅಂಗಡಿಯಿಂದ ತಂದು ಬೆರೆಸಿದ ನೀರು.

ಮೂರನೆಯ ನೀರು ಮಾಡುವುದು ಹೀಗೆ: 10 ಲೀಟರ್ ಶುದ್ಧ ನೀರಿಗೆ 1.6 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಡ್ರಿಪ್ಪಿಗೆ ಬಿಡುವ 13-0-45 ಗೊಬ್ಬರ. ಇದರಿಂದ ಲೀಟರಿಗೆ 100 ಮಿ.ಗ್ರಾಂ ನೈಟ್ರೇಟ್ ಆಗುತ್ತದೆ. ಔಷಧ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡ್ 1.7 ಮಿ.ಲೀ. ಹಾಕಿದರೆ ಲೀಟರಿಗೆ 10 ಮಿ.ಗ್ರಾಂ. ಲಿಂಬೆ ರಸದ ಹನಿಗಳಿಂದ ಪಿಎಚ್ ಸರಿಹೊಂದಿಸಿ. ಇಂಡಿ ಕಡೆಯವರಿಗೆ ಲಿಂಬೆಗೆ ಬರವಿಲ್ಲ.

ಪ್ರತಿ ನೀರಿಗೂ 100 ಬೀಜದ ನಾಲ್ಕು ಗುಂಪು, ಒಟ್ಟು 400. ತೋಯ್ದ ಗೋಣಿ ತಟ್ಟಿನಲ್ಲಿ ಸುರುಳಿ ಸುತ್ತಿ, ಯಾವ ಸುರುಳಿ ಯಾವುದೆಂದು ಚೀಟಿ ಕಟ್ಟಿ, ಒಂದೇ ಜಾಗದಲ್ಲಿಡಿ. ದಿನಾ ಒಂದೇ ಹೊತ್ತಿಗೆ ಮೊಳೆತದ್ದನ್ನು ಎಣಿಸಿ. ಎಣಿಸುವವರಿಗೆ ಯಾವುದು ಯಾವ ನೀರು ಎಂದು ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಮೂರನೆಯ ನೀರು ಪ್ಲಾಸ್ಮಾ ನೀರಿನಷ್ಟೇ ಫಲ ಕೊಟ್ಟರೆ ನಿಮಗೆ ಯಂತ್ರ ಬೇಕಿಲ್ಲ, ಕೆಲವು ರೂಪಾಯಿಯ ಪುಡಿ ಸಾಕು. ಪ್ಲಾಸ್ಮಾ ನೀರು ನಾಲ್ಕೂ ಗುಂಪಿನಲ್ಲಿ ಮೇಲಿದ್ದರೆ ಆಗ ಯಂತ್ರದ ಮಾತು ಆಡಿ. ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಈ ಒಂದು ವಾರದ ಕೆಲಸವನ್ನು ಯಾರೂ ತಪ್ಪಿಸಬಾರದು. ನೀರಿನ ಪೂರ್ತಿ ವಿಶ್ಲೇಷಣೆ, ಸಸಿಗಳ ಬಗ್ಗೆ ಸಲಹೆ ಬೇಕಾದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಅರಭಾವಿಯ ತೋಟಗಾರಿಕೆ ಕಾಲೇಜು, ವಿಜಯಪುರ ಬಳಿಯ ಹಿಟ್ನಳ್ಳಿ ಕೃಷಿ ಕಾಲೇಜಿನವರನ್ನು ಕೇಳಿ.

ಮಾಡಿದ ನೀರು ಎಷ್ಟು ದಿನ ಇರುತ್ತದೆ?

ನೈಟ್ರೇಟ್ ವಾರಗಟ್ಟಲೆ ಇರುತ್ತದೆ. ಬೂಜು ತಡೆಯುವ ಗುಣ ಗಂಟೆಗಳಲ್ಲಿ ಇಳಿಯುತ್ತದೆ. ವಿಜಯಪುರದ ಏಪ್ರಿಲ್‌ನಲ್ಲಿ 40 ಡಿಗ್ರಿ ಬಿಸಿಲಿಗೆ ಇಟ್ಟರೆ ಇನ್ನೂ ಬೇಗ. ಬೀಜಕ್ಕೆ ಅದೇ ದಿನ ಬಳಸಿ. ಇಡಲೇಬೇಕಾದರೆ ಬೆಳಕು ಬೀಳದ ಡಬ್ಬಿಯಲ್ಲಿ, ತಂಪಿನಲ್ಲಿ. ಮುಚ್ಚಳ ಸ್ವಲ್ಪ ಸಡಿಲ ಇರಲಿ.

ಟ್ರೈಕೋಡರ್ಮಾ, ರೈಜೋಬಿಯಂ, ಜೀವಾಮೃತದ ಜೊತೆ ಬೆರೆಸಬಹುದೇ?

ಬೇಡ. ಕೆಟ್ಟ ಜೀವಾಣುವನ್ನು ಕೊಲ್ಲುವ ನೀರು ಒಳ್ಳೆಯದನ್ನೂ ಕೊಲ್ಲುತ್ತದೆ. ಬೀಜ ನೆನೆಸಿ, ಜಾಲಿಸಿ, ಒಣಗಿದ ಮೇಲೆ ಜೈವಿಕ ಗೊಬ್ಬರ ಲೇಪಿಸಿ. ಬೋರ್ಡೊ ದ್ರಾವಣ, ತಾಮ್ರದ ಔಷಧ, ಕಬ್ಬಿಣದ ಲಘುಪೋಷಕಗಳ ಜೊತೆಯೂ ಬೇಡ. ಅವು ಪೆರಾಕ್ಸೈಡನ್ನು ಒಡೆದುಹಾಕುತ್ತವೆ.

ದ್ರಾಕ್ಷಿ, ದಾಳಿಂಬೆಗೆ ಎಲೆ ಮೇಲೆ ಸಿಂಪಡಿಸಿದರೆ ಗೊಬ್ಬರ ಆಗುತ್ತದೆಯೇ?

ಗೊಬ್ಬರವಾಗಿ ಇಲ್ಲ. 1% ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಣೆಯಲ್ಲಿ ಲೀಟರಿಗೆ 1.3 ಗ್ರಾಂ ಸಾರಜನಕ ಇದೆ, ಪ್ಲಾಸ್ಮಾ ನೀರಿನಲ್ಲಿ 0.023 ಗ್ರಾಂ. ಡೌನಿ, ಬೂದಿ ರೋಗಕ್ಕೆ ಇದನ್ನೇ ನೆಚ್ಚಿ ಶಿಫಾರಸಿನ ಸಿಂಪಡಣೆ ಬಿಟ್ಟರೆ ಒಂದು ಮೋಡದ ವಾರದಲ್ಲಿ ಗೊನೆ ಹೋಗುತ್ತದೆ.

ಸವಳು ಭೂಮಿ ಸರಿಹೋಗುತ್ತದೆಯೇ?

ಇಲ್ಲ. ಡೋಣಿ ಬೆಳೆದರೆ ಓಣೆಲ್ಲಾ ಜೋಳ ಎನ್ನಿಸಿಕೊಂಡ ಡೋಣಿ ಹೊಳೆಯ ದಂಡೆಯ ಭೂಮಿ ಸವಳಾಗುವುದು ನೋಡಲಾರದ ಸಂಗತಿ, ಆ ಸಂಕಟಕ್ಕೆ ಸುಲಭದ ಮದ್ದು ಹುಡುಕುವುದು ಸಹಜ. ಆದರೆ ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 800 ಟನ್. ಅದರಲ್ಲಿ 5% ಸುಣ್ಣ ಇದ್ದರೆ 40 ಟನ್. ಪಿಎಚ್ 3ರ 1,000 ಲೀಟರ್ ನೀರು ಕರಗಿಸುವುದು 50 ಗ್ರಾಂ ಸುಣ್ಣ. ಬಸಿಗಾಲುವೆ, ಮಣ್ಣು ಪರೀಕ್ಷೆ ಹೇಳಿದಷ್ಟು ಜಿಪ್ಸಂ, ಹಸಿರೆಲೆ ಗೊಬ್ಬರ, ದಾರಿ ಅದೇ.

ಮೊದಲ ತಿಂಗಳು ಚೆನ್ನಾಗಿತ್ತು, ಈಗ ನೈಟ್ರೇಟ್ ಏರುತ್ತಿಲ್ಲ. ಏಕೆ?

ಮೊದಲು ಸಿಲಿಕಾ ಜೆಲ್ ನೋಡಿ. ನೀಲಿ ಕಾಳು ಗುಲಾಬಿಯಾಗಿದ್ದರೆ ತೇವ ತುಂಬಿದೆ, ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಇದು ವಾರಕ್ಕೊಮ್ಮೆಯ ಕೆಲಸ. ವಿಜಯಪುರದಲ್ಲಿ ತೇವಕ್ಕಿಂತ ದೂಳಿನ ಕಾಟ, ಪಂಪಿನ ಫಿಲ್ಟರ್ ಕೊಡವಿ. ಆಮೇಲೆ ಎಲೆಕ್ಟ್ರೋಡು: ತುದಿ ಸವೆದು ಅಂತರ ಹೆಚ್ಚಾಗಿದ್ದರೆ ಕಿಡಿ ತಡವರಿಸುತ್ತದೆ. ಗುಳ್ಳೆ ಕಲ್ಲಿಗೆ ಬಿಳಿ ಸುಣ್ಣ ಹತ್ತಿದ್ದರೆ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ. ದೊಡ್ಡ ಗುಳ್ಳೆ ಬಂದರೆ ಅನಿಲ ಕರಗದೆ ಮೇಲಕ್ಕೆ ಹಾರಿಹೋಗುತ್ತದೆ. ಕೊನೆಗೆ ಕರೆಂಟು: ವೋಲ್ಟೇಜು 180ಕ್ಕಿಂತ ಕೆಳಗಿಳಿಯುವ ಊರಲ್ಲಿ ಸ್ಟೆಬಿಲೈಸರ್ ಇಲ್ಲದೆ ಓಡಿಸಬೇಡಿ.

ಉಳಿದ ನೀರನ್ನು ಏನು ಮಾಡಬೇಕು?

ತೆಂಗಿನ ಬುಡಕ್ಕೋ, ತಿಪ್ಪೆಗೋ ಸುರಿಯಿರಿ. ದನದ ಬಾನಿಗೆ, ಕುಡಿಯುವ ಕೊಡಕ್ಕೆ ಬೇಡವೇ ಬೇಡ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ, ಇದರಲ್ಲಿ ಅದರ ದುಪ್ಪಟ್ಟು ಇದೆ, ಜೊತೆಗೆ ನೈಟ್ರೈಟ್. ಕೂಸುಗಳಿಗೂ ಕರುಗಳಿಗೂ ಅದು ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ "ಕುಡಿಯಬೇಡಿ" ಎಂದು ಬರೆದು, ಕುಡಿಯುವ ನೀರಿನ ಕ್ಯಾನಿಗಿಂತ ಬೇರೆ ಬಣ್ಣದ್ದನ್ನು ಇಟ್ಟುಕೊಳ್ಳಿ.